ಶೇಷ ಎಷ್ಟೆಂದು ಡೇಟಾಬೇಸನ್ನು ಕೇಳುವಾಗ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದು ಪತ್ರಗಳು, ಬರೆದವರಿಗೆ ಪರಸ್ಪರ ಪರಿಚಯವಿಲ್ಲದಿದ್ದರೂ, ಒಂದೇ ವಿಷಯವನ್ನು ಕೇಳಿವೆ: ಡೇಟಾಬೇಸ್ ಕ್ವೆರಿಯೊಳಗೆ, ಅಂದರೆ ಡೇಟಾಬೇಸಿಗೆ ನಾವು ಬರೆದು ಕೇಳುವ ಪ್ರಶ್ನೆಯೊಳಗೆ, ಭಾಗಾಕಾರದ ಶೇಷವನ್ನು ಲೆಕ್ಕ ಹಾಕುವುದು ಹೇಗೆ, ಮತ್ತು ಹಾಗೆ ಹಾಕಿದ ಲೆಕ್ಕ ಕೆಲವೊಮ್ಮೆ ಏಕೆ ತಪ್ಪುತ್ತದೆ. ಆದ್ದರಿಂದ ಇಂದಿನ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಕ್ವೆರಿಯ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಲಾಗಿದೆ; ಕಂಪ್ಯೂಟರಿನಲ್ಲಿ ಬರೆಯುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. % ಎಂಬ ಚಿಹ್ನೆ ಈ ಪುಟಗಳಲ್ಲಿ ಶೇಕಡಾವನ್ನು ಸೂಚಿಸುವುದಿಲ್ಲ, ಶೇಷವನ್ನು ಸೂಚಿಸುತ್ತದೆ; ಮಾಡ್ (MOD) ಎಂಬುದೂ ಶೇಷ ತೆಗೆಯುವ ಪದವೇ.

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಶಿಕ್ಷಕ. ನಮ್ಮ ಮನೆತನದ ವಂಶಾವಳಿಯನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟು, ಪ್ರತಿಯೊಬ್ಬರ ಜನ್ಮವರ್ಷದ ಮುಂದೆ ಸಂವತ್ಸರದ ಹೆಸರು ತಾನಾಗಿಯೇ ಮೂಡುವಂತೆ ಮಾಡಿದ್ದೆ. 1987ನೆಯ ಇಸವಿ ಪ್ರಭವ ಸಂವತ್ಸರವಾದ್ದರಿಂದ, ಜನ್ಮವರ್ಷದಿಂದ 1987ನ್ನು ಕಳೆದು, 60ರಿಂದ ಭಾಗಿಸಿ, ಬಂದ ಶೇಷಕ್ಕೆ 1 ಕೂಡಿಸಿ, ಅರವತ್ತು ಹೆಸರುಗಳ ಪಟ್ಟಿಯಿಂದ ಆ ಕ್ರಮಾಂಕದ ಹೆಸರನ್ನು ತೆಗೆಯುವುದು ನನ್ನ ಕ್ರಮ. ಈಚೆಗೆ ಮೊಮ್ಮಗಳು ಇದೆಲ್ಲವನ್ನೂ ಮೈಎಸ್‌ಕ್ಯುಎಲ್ ಡೇಟಾಬೇಸಿಗೆ ಸಾಗಿಸಿಕೊಟ್ಟಳು. ಸೂತ್ರ ಅದೇ: ಮಾಡ್(ವರ್ಷ - 1987, 60) + 1. ಈಗ 1987ರಲ್ಲಿ ಮತ್ತು ಅನಂತರ ಹುಟ್ಟಿದವರಿಗೆಲ್ಲ ಹೆಸರು ಸರಿಯಾಗಿ ಬರುತ್ತದೆ. ಅದಕ್ಕೆ ಮೊದಲು ಹುಟ್ಟಿದವರ ಮುಂದೆ ಖಾಲಿ ಬಿಟ್ಟಿರುತ್ತದೆ. 1927ರಲ್ಲಿ ಹುಟ್ಟಿದ ನನ್ನ ಸೋದರತ್ತೆಯೊಬ್ಬರಿಗೆ ಮಾತ್ರ ಪ್ರಭವ ಎಂದು ಸರಿಯಾಗಿ ಬಂದಿದೆ. ಎಕ್ಸೆಲ್‌ನಲ್ಲಿ ಸರಿಯಿದ್ದ ಸೂತ್ರ ಇಲ್ಲಿ ಏಕೆ ಕೆಟ್ಟಿತು?

ಉತ್ತರ: ಸೂತ್ರ ಕೆಟ್ಟಿಲ್ಲ, ಮೇಷ್ಟ್ರೇ. ಶೇಷ ಎಂಬ ಮಾತಿಗೆ ಎಕ್ಸೆಲ್ ಹಿಡಿದಿರುವ ಅರ್ಥ ಒಂದು, ಮೈಎಸ್‌ಕ್ಯುಎಲ್ ಹಿಡಿದಿರುವ ಅರ್ಥ ಇನ್ನೊಂದು. ಇದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲಿಯೇ ಇದೆ. ಸೋದರತ್ತೆಯವರ ಜನ್ಮವರ್ಷ 1927ರಿಂದ 1987ನ್ನು ಕಳೆದರೆ ಬರುವುದು -60. ಅದು 60ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಮತ್ತು ಸೊನ್ನೆಗೆ ಋಣ-ಧನ ಎಂಬ ಭೇದವಿಲ್ಲ. ಹಾಗಾಗಿ ಅವರೊಬ್ಬರ ಸಾಲು ಉಳಿದುಕೊಂಡಿತು. ಮಿಕ್ಕ ಹಿರಿಯರೆಲ್ಲರ ಶೇಷವೂ ಋಣಸಂಖ್ಯೆಯಾಗಿ ಬಂದು, ಹೆಸರುಗಳ ಪಟ್ಟಿಯಲ್ಲಿ ಅಂಥ ಕ್ರಮಾಂಕವೇ ಇಲ್ಲದ್ದರಿಂದ, ಅವರ ಮುಂದಿನ ಜಾಗ ಖಾಲಿ ಉಳಿಯಿತು.

ಉದಾಹರಣೆಗೆ ಕರ್ನಾಟಕದ ಏಕೀಕರಣವಾದ 1956ನ್ನು ತೆಗೆದುಕೊಳ್ಳೋಣ. 1956ರಿಂದ 1987ನ್ನು ಕಳೆದರೆ -31. ಇದನ್ನು 60ರಿಂದ ಭಾಗಿಸುವಾಗ ಭಾಗಲಬ್ಧ ಯಾವುದು ಎಂಬಲ್ಲಿಯೇ ದಾರಿ ಕವಲೊಡೆಯುತ್ತದೆ. ಭಾಗಲಬ್ಧ 0 ಎಂದುಕೊಂಡರೆ ಶೇಷ -31. ಭಾಗಲಬ್ಧ -1 ಎಂದುಕೊಂಡರೆ, 60ರ ಋಣ ಒಂದರಷ್ಟು ಎಂದರೆ -60, ಅದರಿಂದ -31ನ್ನು ತಲುಪಲು ಇನ್ನೂ 29 ಬೇಕು, ಆದ್ದರಿಂದ ಶೇಷ 29. ಭಾಜ್ಯವೆಂದರೆ ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿಸಿದ್ದು ಎಂಬ ನಿಯಮಕ್ಕೆ ಎರಡೂ ಉತ್ತರಗಳು ಸಮನಾಗಿ ಒಪ್ಪುತ್ತವೆ. ಹತ್ತನೆಯ ತರಗತಿಯಲ್ಲಿ ನಾವು ಕಲಿಸುತ್ತಿದ್ದ ಯೂಕ್ಲಿಡನ ಭಾಗಾಕಾರ ಅನುಪ್ರಮೇಯ ಮಾತ್ರ, ಶೇಷವು ಸೊನ್ನೆಗಿಂತ ಕಡಿಮೆಯಾಗಬಾರದು ಮತ್ತು ಭಾಜಕಕ್ಕಿಂತ ಚಿಕ್ಕದಾಗಿರಬೇಕು ಎಂಬ ಇನ್ನೊಂದು ಕಟ್ಟನ್ನು ಹಾಕಿ, 29 ಒಂದನ್ನೇ ಉಳಿಸುತ್ತದೆ. ಪಂಚಾಂಗಕ್ಕೆ ಬೇಕಾಗಿರುವುದೂ ಅದೇ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಪ್ರಭವದಿಂದ 31 ಮನೆ ಹಿಂದಕ್ಕೆ ಹೋಗುವುದೂ 29 ಮನೆ ಮುಂದಕ್ಕೆ ಹೋಗುವುದೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಮೂವತ್ತನೆಯದಾದ ದುರ್ಮುಖಿ.

ಎಕ್ಸೆಲ್‌ನ ಮಾಡ್ ಭಾಜಕದ ಚಿಹ್ನೆಯನ್ನು ಅನುಸರಿಸುತ್ತದೆ, ಅಂದರೆ ಭಾಗಲಬ್ಧವನ್ನು ಯಾವಾಗಲೂ ಕೆಳಕ್ಕೆ ಇಳಿಸಿ ಪೂರ್ಣಾಂಕ ಮಾಡುತ್ತದೆ. ಪೈಥಾನ್ ಭಾಷೆಯೂ ಹಾಗೆಯೇ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯುಎಲ್ ಸರ್ವರ್, ಎಸ್‌ಕ್ಯುಎಲೈಟ್ ಈ ಐದೂ ಡೇಟಾಬೇಸುಗಳು ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತವೆ, ಆದ್ದರಿಂದ ಅವುಗಳ ಶೇಷ ಭಾಜ್ಯದ ಚಿಹ್ನೆಯನ್ನು ಹೊರುತ್ತದೆ. ಇದು ಯಾವ ತಂತ್ರಾಂಶದ ದೋಷವೂ ಅಲ್ಲ; ಕೈಪಿಡಿಗಳಲ್ಲಿ ಬರೆದಿಟ್ಟಿರುವ ನಡವಳಿಕೆ. ಆದರೆ ಹಾಳೆಯಿಂದ ಟೇಬಲ್ಲಿಗೆ ಸೂತ್ರವನ್ನು ಅಕ್ಷರಶಃ ನಕಲು ಮಾಡುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಪರೀಕ್ಷೆಗೆಂದು ನಾವು ಮೊದಲು ಹಾಕಿ ನೋಡುವ ಸಂಖ್ಯೆಗಳು ಸಾಮಾನ್ಯವಾಗಿ ಧನಸಂಖ್ಯೆಗಳೇ ಆಗಿರುತ್ತವೆ. ಧನಸಂಖ್ಯೆಗಳಲ್ಲಿ ಎರಡೂ ಅರ್ಥಗಳು ಒಂದೇ ಉತ್ತರವನ್ನು ಕೊಡುತ್ತವೆ. ನಿಮ್ಮ ಮೊಮ್ಮಗಳು ತನ್ನ ಜನ್ಮವರ್ಷವನ್ನು ಹಾಕಿ ನೋಡಿ ಸರಿಯೆಂದು ತೃಪ್ತಳಾಗಿದ್ದರೆ ಅದು ಅವಳ ತಪ್ಪಲ್ಲ.

ಸರಿಪಡಿಸುವ ದಾರಿಗಳು ಮೂರಿವೆ. ಎಲ್ಲೆಡೆ ಬಳಕೆಯಲ್ಲಿರುವುದು ಶೇಷಕ್ಕೆ ಭಾಜಕವನ್ನು ಒಮ್ಮೆ ಕೂಡಿಸಿ ಮತ್ತೆ ಶೇಷ ತೆಗೆಯುವುದು: ಮಾಡ್(ಮಾಡ್(ವರ್ಷ - 1987, 60) + 60, 60) + 1. ಒಳಗಿನ ಶೇಷ -31 ಆಗಿದ್ದರೆ 60 ಸೇರಿ 29 ಆಗುತ್ತದೆ. ಮೊದಲೇ ಧನವಾಗಿದ್ದರೆ ಹೆಚ್ಚುವರಿ 60ನ್ನು ಹೊರಗಿನ ಮಾಡ್ ಕಳೆದುಬಿಡುತ್ತದೆ. ಭಾಜಕ ಧನಸಂಖ್ಯೆಯಾಗಿರುವವರೆಗೆ ಈ ಸೂತ್ರ ಮೇಲಿನ ಐದೂ ಡೇಟಾಬೇಸುಗಳಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತದೆ.

ಎರಡನೆಯದು ಒರಾಕಲ್ ಕೈಪಿಡಿಯೇ ಸೂಚಿಸುವ ದಾರಿ: ಭಾಜ್ಯದಿಂದ, ಭಾಜಕ ಮತ್ತು ಫ್ಲೋರ್ ಮಾಡಿದ (ಕೆಳಗಿನ ಪೂರ್ಣಾಂಕಕ್ಕೆ ಇಳಿಸಿದ) ಭಾಗಲಬ್ಧದ ಗುಣಲಬ್ಧವನ್ನು ಕಳೆಯುವುದು. ಮೈಎಸ್‌ಕ್ಯುಎಲ್ ಮತ್ತು ಒರಾಕಲ್‌ಗಳಲ್ಲಿ -31 / 60 ಎಂಬುದು ದಶಮಾಂಶ ಸಂಖ್ಯೆಯಾಗಿ ಉಳಿಯುವುದರಿಂದ ಫ್ಲೋರ್ ಅದನ್ನು -1ಕ್ಕೆ ಇಳಿಸುತ್ತದೆ, ಲೆಕ್ಕ ಸರಿಯಾಗುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್‌ಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರುತ್ತದೆ. ಫ್ಲೋರ್‌ನ ಕೈಗೆ ಸಿಗುವ ಹೊತ್ತಿಗೆ ಭಾಗಲಬ್ಧ ಆಗಲೇ 0 ಆಗಿರುತ್ತದೆ, ಮತ್ತು ನೀವು ಯಾವ -31ರಿಂದ ತಪ್ಪಿಸಿಕೊಳ್ಳಬೇಕೆಂದಿದ್ದಿರೋ ಅದೇ -31 ಮರಳಿ ಬರುತ್ತದೆ. ಅಲ್ಲಿ ಭಾಜಕವನ್ನು 60.0 ಎಂದು ಬರೆಯಬೇಕು. ಪುಸ್ತಕದಲ್ಲಿ ನೋಡಿ ಈ ಸೂತ್ರವನ್ನು ಬಳಸಿ ಎಡವಿದವರನ್ನು ನಾನು ಕಂಡಿದ್ದೇನೆ, ಆದ್ದರಿಂದ ಇಷ್ಟು ವಿವರವಾಗಿ ಬರೆದೆ.

ನಿಮ್ಮ ಕೆಲಸಕ್ಕೆ ನಾನು ಒಪ್ಪುವುದು ಮೂರನೆಯ ದಾರಿಯನ್ನು, ಮತ್ತು ಅದು ನಮ್ಮ ಪಂಚಾಂಗದವರದೇ ದಾರಿ. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಬಂದ ಶೇಷವೇ ಸಂವತ್ಸರದ ಕ್ರಮಾಂಕ, ಶೇಷ ಸೊನ್ನೆಯಾದರೆ ಅರವತ್ತನೆಯದಾದ ಅಕ್ಷಯ ಎಂಬುದು ಅವರ ಲೆಕ್ಕ. ಶಕ 1946ಕ್ಕೆ 12 ಕೂಡಿಸಿದರೆ 1958, ಶೇಷ 38, ಅಂದರೆ 2024ರ ಯುಗಾದಿಗೆ ಆರಂಭವಾದ ಕ್ರೋಧಿ. ಕಳೆಯುವ ಬದಲು ಕೂಡಿಸುವುದರಿಂದ ಭಾಜ್ಯವು ಎಂದೂ ಋಣವಾಗುವುದಿಲ್ಲ, ಋಣಶೇಷದ ಪ್ರಶ್ನೆಯೇ ಏಳುವುದಿಲ್ಲ. ಇಸವಿಯ ಲೆಕ್ಕಕ್ಕೆ ಇದನ್ನು ತಂದರೆ ನಿಮ್ಮ ಕ್ವೆರಿಯಲ್ಲಿ ಒಂದೇ ಒಂದು ಸಂಖ್ಯೆ ಬದಲಾಗುತ್ತದೆ: 1987ರ ಜಾಗದಲ್ಲಿ 67. ಇವೆರಡರ ನಡುವಿನ ಅಂತರ 1920, ಅದು 60ರ ಮೂವತ್ತೆರಡರಷ್ಟು. ಚಕ್ರದಲ್ಲಿ ಎರಡೂ ಒಂದೇ ಮನೆ. ಮಾಡ್(ವರ್ಷ - 67, 60) + 1 ಎಂದು ಬರೆದರೆ 1956ಕ್ಕೆ 30, 1986ಕ್ಕೆ 60, 1987ಕ್ಕೆ 1, ಸ್ವಾತಂತ್ರ್ಯ ಬಂದ 1947ಕ್ಕೆ 21, ಅಂದರೆ ಸರ್ವಜಿತ್. ನೀವು ಮಾಡ್ ಬದಲು % ಚಿಹ್ನೆಯನ್ನು ಬಳಸುವುದಾದರೆ ಆವರಣ ಮರೆಯಬಾರದು. ವರ್ಷ - 67 % 60 ಎಂದು ಬರೆದರೆ ಡೇಟಾಬೇಸ್ ಮೊದಲು 67ರ ಶೇಷವಾದ 7ನ್ನು ತೆಗೆದು ಅದನ್ನು ವರ್ಷದಿಂದ ಕಳೆಯುತ್ತದೆ; (ವರ್ಷ - 67) % 60 ಎಂದೇ ಬರೆಯಬೇಕು.

ಎಲ್ಲ ಡೇಟಾಬೇಸುಗಳಲ್ಲೂ ಎರಡೂ ಬರಹಗಳು ನಡೆಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೈಎಸ್‌ಕ್ಯುಎಲ್ ಮತ್ತು ಪೋಸ್ಟ್‌ಗ್ರೆಸ್‌ಗಳಲ್ಲಿ ಮಾಡ್ ಮತ್ತು % ಎರಡೂ ಇವೆ. ಒರಾಕಲ್‌ನಲ್ಲಿ ಮಾಡ್ ಮಾತ್ರ ಇದೆ, ಎಸ್‌ಕ್ಯುಎಲ್ ಸರ್ವರ್‌ನಲ್ಲಿ % ಮಾತ್ರ. ಎಸ್‌ಕ್ಯುಎಲೈಟ್‌ನಲ್ಲಿ ಬಹುಕಾಲ % ಒಂದೇ ಇತ್ತು. ಮಾಡ್ ಸೇರಿದ್ದು 2021ರ 3.35ನೆಯ ಆವೃತ್ತಿಯಲ್ಲಿ.

ಶೇಷದ ಲೆಕ್ಕ ಸರಿಯಾದ ಮೇಲೂ ವಂಶಾವಳಿಯಲ್ಲಿ ತಪ್ಪು ಉಳಿಯುವ ಒಂದು ಜಾಗವಿದೆ. ಸಂವತ್ಸರ ಬದಲಾಗುವುದು ಜನವರಿ ಒಂದಕ್ಕಲ್ಲ, ಯುಗಾದಿಗೆ. ವರ್ಷದ ಆರಂಭದಿಂದ ಯುಗಾದಿಯ ಹಿಂದಿನ ದಿನದವರೆಗೆ ಹುಟ್ಟಿದವರಿಗೆ ಹಿಂದಿನ ಇಸವಿಯನ್ನು ಹಾಕಿ ಲೆಕ್ಕ ಮಾಡಬೇಕು. ವಿಜಯನಗರದ ಸೇನೆ ಸೋತ ರಕ್ಕಸತಂಗಡಿಯ ಕಾಳಗ ನಡೆದದ್ದು 1565ರ ಜನವರಿಯಲ್ಲಿ. ಕ್ವೆರಿಗೆ 1565 ಎಂದು ಕೊಟ್ಟರೆ 59, ಕ್ರೋಧನ ಎಂದು ಬರುತ್ತದೆ, ಅದು ತಪ್ಪು. 1564 ಎಂದು ಕೊಟ್ಟಾಗ ಬರುವ 58, ರಕ್ತಾಕ್ಷಿ, ಸರಿ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಆದ್ದರಿಂದ ಇದನ್ನು ಯಾವುದೋ ಒಂದು ದಿನಾಂಕಕ್ಕೆ ಕಟ್ಟಿಹಾಕಲು ಆಗದು. ವರ್ಷ ಮತ್ತು ಆ ವರ್ಷದ ಯುಗಾದಿಯ ದಿನಾಂಕ ಎಂಬ ಎರಡು ಕಾಲಂಗಳ ಪುಟ್ಟ ಟೇಬಲ್ ಒಂದನ್ನು ಹಳೆಯ ಪಂಚಾಂಗಗಳನ್ನು ನೋಡಿ ತುಂಬಿಸಿ, ಜನ್ಮದಿನಾಂಕವನ್ನು ಅದರೊಂದಿಗೆ ಹೋಲಿಸುವುದೇ ಸರಿಯಾದ ಕ್ರಮ. ಬಾಂಧವ್ಯ ಉತ್ತರ ಭಾರತದವರೆಗೆ ಹರಡಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಅರವತ್ತು ಹೆಸರುಗಳು ಬಿಡುವಿಲ್ಲದೆ ಸುತ್ತುತ್ತವೆ. ಅಲ್ಲಿಯ ಬಾರ್ಹಸ್ಪತ್ಯ ಗಣನೆಯಲ್ಲಿ ಸುಮಾರು 85 ವರ್ಷಗಳಿಗೊಮ್ಮೆ ಒಂದು ಸಂವತ್ಸರವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಆ ಗಣನೆಗೆ ಬರೀ ಶೇಷದ ಸೂತ್ರ ಸಾಲದು.

ಇದೇ ಋಣಶೇಷ ಇನ್ನೊಂದು ಕಡೆಯೂ ಕಾಡುತ್ತದೆ. ಬೆಸಸಂಖ್ಯೆಗಳನ್ನು ಹುಡುಕಲು ಅನೇಕರು ಸಂಖ್ಯೆ % 2 = 1 ಎಂದು ಬರೆಯುತ್ತಾರೆ. -3ರ ಶೇಷ -1 ಆಗಿರುವುದರಿಂದ ಋಣ ಬೆಸಸಂಖ್ಯೆಗಳೆಲ್ಲ ಅದರಿಂದ ಜಾರಿಹೋಗುತ್ತವೆ. ಶೇಷ ಸೊನ್ನೆಯಲ್ಲದಿದ್ದರೆ ಬೆಸ ಎಂದು ಬರೆದರೆ ಈ ತೊಡಕಿಲ್ಲ.

ಪ್ರಶ್ನೆ: ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಸಹಕಾರ ಸಂಘವೊಂದರ ಸದಸ್ಯರನ್ನು ಪಾವತಿಗಾಗಿ ತಂಡಗಳಾಗಿ ಹಂಚಲು ಸದಸ್ಯಸಂಖ್ಯೆಯನ್ನು ತಂಡಗಳ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ತಂಡದ ಕ್ರಮಾಂಕವಾಗಿ ಬಳಸುತ್ತೇವೆ. ತಂಡಗಳ ಸಂಖ್ಯೆ ಪ್ರತಿ ಶಾಖೆಗೂ ಬೇರೆ. ಅದು ಇನ್ನೊಂದು ಟೇಬಲ್ಲಿನಲ್ಲಿದೆ. ಹಲವು ವರ್ಷ ಒರಾಕಲ್‌ನಲ್ಲಿ ನಡೆದ ಈ ಕ್ವೆರಿ, ಪೋಸ್ಟ್‌ಗ್ರೆಸ್‌ಗೆ ಬಂದ ಮೊದಲ ದಿನವೇ ಸೊನ್ನೆಯಿಂದ ಭಾಗಿಸಲಾಗಿದೆ ಎಂಬ ದೋಷವನ್ನು ತೋರಿಸಿ ನಿಂತುಹೋಯಿತು. ಹಳೆಯದರಲ್ಲಿ ಇಲ್ಲದ ಸೊನ್ನೆ ಹೊಸದರಲ್ಲಿ ಎಲ್ಲಿಂದ ಬಂತು?

ಉತ್ತರ: ಸೊನ್ನೆ ಹಳೆಯದರಲ್ಲೂ ಇತ್ತು. ಯಾವುದೋ ಶಾಖೆಗೆ ತಂಡಗಳ ಸಂಖ್ಯೆಯನ್ನು ಯಾರೂ ತುಂಬಿಸಿಲ್ಲ, ಅಲ್ಲಿ 0 ಕೂತಿದೆ. ಒರಾಕಲ್‌ನ ಮಾಡ್, ಭಾಜಕ ಸೊನ್ನೆಯಾದರೆ ದೋಷ ತೋರಿಸುವ ಬದಲು ಭಾಜ್ಯವನ್ನೇ ಹಾಗೆಯೇ ಹಿಂದಿರುಗಿಸುತ್ತದೆ: ಮಾಡ್(417, 0) ಎಂದರೆ 417. ಆ ಶಾಖೆಯ 417ನೆಯ ಸದಸ್ಯರು ಇಷ್ಟು ವರ್ಷವೂ 417ನೆಯ ತಂಡದಲ್ಲಿ ಒಬ್ಬರೇ ಇದ್ದರು. ಅಂಥ ತಂಡ ಯಾರ ಪಟ್ಟಿಯಲ್ಲೂ ಇರುವುದಿಲ್ಲವಾದ್ದರಿಂದ, ಅವರ ಪಾವತಿ ಹೇಗೆ ನಡೆಯಿತು ಎಂಬುದನ್ನು ನೀವು ಮೊದಲು ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕ್ವೆರಿಯನ್ನು ಸರಿಪಡಿಸುವುದು ಅನಂತರದ ಕೆಲಸ.

ಸೊನ್ನೆಯ ವಿಷಯದಲ್ಲಿ ಡೇಟಾಬೇಸುಗಳು ಮೂರು ದಿಕ್ಕಿಗೆ ಮುಖ ಮಾಡಿವೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್ ದೋಷ ತೋರಿಸಿ ಕೆಲಸ ನಿಲ್ಲಿಸುತ್ತವೆ. ಮೈಎಸ್‌ಕ್ಯುಎಲ್‌ನ ಸೆಲೆಕ್ಟ್ ಕ್ವೆರಿ ಮತ್ತು ಎಸ್‌ಕ್ಯುಎಲೈಟ್ ಉತ್ತರವಾಗಿ ನಲ್ ಕೊಡುತ್ತವೆ, ಅಂದರೆ ಬೆಲೆ ಇಲ್ಲ ಎನ್ನುತ್ತವೆ. ಒರಾಕಲ್ ಭಾಜ್ಯವನ್ನೇ ಕೊಡುತ್ತದೆ. ಗಣಿತದಲ್ಲಿ ಒರಾಕಲ್ ಹಿಡಿದ ದಾರಿಗೂ ಸಮರ್ಥನೆ ಇದೆ: ಭಾಜಕದ ಯಾವ ಗುಣಕವನ್ನು ಕಳೆದರೂ, ಭಾಜಕ ಸೊನ್ನೆಯಾದಾಗ, ಉಳಿಯುವುದು ಭಾಜ್ಯವೇ. ಆದರೆ ಜನರ ಹಣದ ಲೆಕ್ಕದಲ್ಲಿ ನನ್ನ ಆಯ್ಕೆ ಪೋಸ್ಟ್‌ಗ್ರೆಸ್‌ನ ಕಠಿಣ ಮಾರ್ಗ. ನಿಂತುಹೋದ ಕ್ವೆರಿಯನ್ನು ಅಂದೇ ಯಾರಾದರೂ ನೋಡುತ್ತಾರೆ. ಸದ್ದಿಲ್ಲದೆ ಬಂದ ತಪ್ಪು ಸಂಖ್ಯೆಯನ್ನು ವರ್ಷಗಟ್ಟಲೆ ಯಾರೂ ನೋಡುವುದಿಲ್ಲ.

ಕ್ವೆರಿಯಲ್ಲಿ ಭಾಜಕವನ್ನು ನಲ್‌ಇಫ್(ತಂಡಗಳು, 0) ಎಂದು ಸುತ್ತಿಟ್ಟರೆ ಸೊನ್ನೆಯಿದ್ದ ಕಡೆ ನಲ್ ಬಂದು, ಶೇಷವೂ ನಲ್ ಆಗುತ್ತದೆ, ಕ್ವೆರಿ ನಿಲ್ಲುವುದಿಲ್ಲ. ಹಾಗೆ ಮಾಡುವುದಾದರೆ, ತಂಡ ನಲ್ ಆಗಿರುವ ಸದಸ್ಯರ ಪಟ್ಟಿಯೊಂದನ್ನು ಪ್ರತಿ ಬಾರಿಯೂ ಬೇರೆಯಾಗಿ ತೆಗೆಯುವ ವ್ಯವಸ್ಥೆ ಜೊತೆಗಿರಲೇಬೇಕು. ಯಾವ ಸಾಲುಗಳು ಬೇಕೆಂಬ ಷರತ್ತನ್ನು ಬರೆಯುವ ವ್ಹೇರ್ ಭಾಗದಲ್ಲಿ ಮೊದಲು ತಂಡಗಳು ಸೊನ್ನೆಯಲ್ಲ ಎಂದು ಬರೆದು, ಆಮೇಲೆ ಆಂಡ್ ಹಾಕಿ ಶೇಷದ ಷರತ್ತನ್ನು ಬರೆದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಬರೆದ ಕ್ರಮದಲ್ಲಿಯೇ ಷರತ್ತುಗಳನ್ನು ಪರೀಕ್ಷಿಸುತ್ತೇನೆ ಎಂದು ಪೋಸ್ಟ್‌ಗ್ರೆಸ್ ಮಾತು ಕೊಡುವುದಿಲ್ಲ. ಕ್ರಮ ಬೇಕೇ ಬೇಕೆಂದರೆ ಕೇಸ್ ವಾಕ್ಯವನ್ನು ಬಳಸಬೇಕು. ಇದಕ್ಕಿಂತಲೂ ಮಿಗಿಲಾದ ಉಪಾಯವೆಂದರೆ, ತಂಡಗಳ ಕಾಲಂ ಮೇಲೆ ಬೆಲೆ 0ಗಿಂತ ಹೆಚ್ಚಿರಬೇಕು ಎಂಬ ಚೆಕ್ ನಿರ್ಬಂಧವನ್ನು ಹಾಕಿ, ಸೊನ್ನೆ ಒಳಗೆ ಬಾರದಂತೆ ಬಾಗಿಲಲ್ಲೇ ತಡೆಯುವುದು.

ನಿಮ್ಮ ಹಂಚಿಕೆಯಲ್ಲಿ ಇನ್ನೊಂದು ಸಣ್ಣ ವಿಷಯ ಕಂಡಿತು. ಏಳು ತಂಡಗಳಿದ್ದಾಗ ಶೇಷಗಳು 0ರಿಂದ 6ರವರೆಗೆ ಬರುತ್ತವೆ. ಸೊನ್ನೆಯ ತಂಡ ಎಂದರೆ ಸದಸ್ಯರಿಗೆ ಅರ್ಥವಾಗದೆಂದು ಕೊನೆಯಲ್ಲಿ 1 ಕೂಡಿಸೋಣ ಎಂದು ನಿಮಗೆ ತೋರಬಹುದು. ಆಗ 1ನೆಯ ಸದಸ್ಯರು 2ನೆಯ ತಂಡಕ್ಕೆ ಹೋಗುತ್ತಾರೆ, 7ನೆಯವರು 1ಕ್ಕೆ ಬರುತ್ತಾರೆ. ಸದಸ್ಯಸಂಖ್ಯೆಯಿಂದ ಮೊದಲೇ 1 ಕಳೆದು, ಶೇಷ ತೆಗೆದು, ಮತ್ತೆ 1 ಕೂಡಿಸಿದರೆ 1ನೆಯವರು 1ರಲ್ಲಿ, 7ನೆಯವರು 7ರಲ್ಲಿ, 8ನೆಯವರು ಮರಳಿ 1ರಲ್ಲಿ ಇರುತ್ತಾರೆ. ಹಾಗೆ ಹಂಚಿದರೆ ಸದಸ್ಯರು ತಮ್ಮ ತಂಡವನ್ನು ತಾವೇ ಎಣಿಸಿಕೊಳ್ಳಬಲ್ಲರು.

ಪ್ರಶ್ನೆ: ನಾವು ಕೊಡಗಿನ ಕಾಫಿ ಬೆಳೆಗಾರರು. ಒಟ್ಟು ತೂಕವನ್ನು 50 ಕೆಜಿ ಚೀಲಗಳಿಗೆ ತುಂಬಿದ ಮೇಲೆ ಉಳಿಯುವುದೆಷ್ಟು ಎಂದು ತಿಳಿಯಲು ತೂಕ % 50 ಎಂದು ಬರೆದಿದ್ದೇವೆ. 1234.5 ಕೆಜಿಗೆ 34.5 ಬರಬೇಕು, ಫೋನಿನ ಎಸ್‌ಕ್ಯುಎಲೈಟ್‌ನಲ್ಲಿ 34 ಬರುತ್ತಿದೆ. ಅರ್ಧ ಕಿಲೋ ಎಲ್ಲಿ ಹೋಯಿತು?

ಉತ್ತರ: ಎಸ್‌ಕ್ಯುಎಲೈಟ್‌ನ % ಚಿಹ್ನೆ ತನ್ನ ಎರಡೂ ಬದಿಯ ಸಂಖ್ಯೆಗಳನ್ನು ಮೊದಲು ಪೂರ್ಣಾಂಕ ಮಾಡಿಕೊಳ್ಳುತ್ತದೆ. 1234.5 ಎಂಬುದು 1234 ಆದ ಮೇಲೆಯೇ ಭಾಗಾಕಾರ ನಡೆಯುವುದರಿಂದ ಅರ್ಧ ಕಿಲೋ ಭಾಗಾಕಾರಕ್ಕೆ ಮುಂಚೆಯೇ ಹೋಗಿದೆ. ಅದೇ ಎಸ್‌ಕ್ಯುಎಲೈಟ್‌ನ ಮಾಡ್ ಫಂಕ್ಷನ್ ದಶಮಾಂಶವನ್ನು ಉಳಿಸಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಆಕ್ಸೆಸ್ ಡೇಟಾಬೇಸನ್ನು ಬಳಸುವವರಿಗೆ ಇದರ ಇನ್ನೊಂದು ರೂಪ ಎದುರಾಗುತ್ತದೆ: ಅಲ್ಲಿ ದಶಮಾಂಶವನ್ನು ಕತ್ತರಿಸುವುದಿಲ್ಲ, ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ, 19ನ್ನು 6.7ರಿಂದ ಭಾಗಿಸಿದ ಶೇಷ ಕೇಳಿದರೆ ಅದು 6.7ನ್ನು 7 ಮಾಡಿಕೊಂಡು 5 ಎಂದು ಹೇಳುತ್ತದೆ. ಮೈಎಸ್‌ಕ್ಯುಎಲ್, ಒರಾಕಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲ್ ಸರ್ವರ್ ನಾಲ್ಕರಲ್ಲೂ, ಕಾಲಂ ಡೆಸಿಮಲ್ ಅಥವಾ ನ್ಯೂಮೆರಿಕ್ ಮಾದರಿಯದಾಗಿದ್ದರೆ 34.5 ಸರಿಯಾಗಿಯೇ ಬರುತ್ತದೆ.

ಕಾಲಂ ಫ್ಲೋಟ್ ಮಾದರಿಯದಾಗಿದ್ದರೆ ಮಾತು ಬೇರೆ. 0.1ನ್ನು ಕಂಪ್ಯೂಟರ್ ತನ್ನ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಬರೆದಿಡಲಾರದು, ಬರೆದಿಟ್ಟದ್ದು 0.1ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಹಾಗಾಗಿ 1ನ್ನು 0.1ರಿಂದ ಭಾಗಿಸಿದಾಗ ಹತ್ತನೆಯ ಭಾಗಕ್ಕೆ ಕೂದಲೆಳೆಯಷ್ಟು ಸಾಲದೆ ಬಂದು, ಶೇಷ ಸೊನ್ನೆಯಾಗುವ ಬದಲು 0.09999999999999995 ಆಗುತ್ತದೆ. ಕೂಡುವಾಗ ಕಳೆಯುವಾಗ ಕಣ್ಣಿಗೆ ಬೀಳದ ತಪ್ಪು ಶೇಷದಲ್ಲಿ ಇಡೀ ಒಂದು ಭಾಜಕದಷ್ಟು ದೊಡ್ಡದಾಗಿಬಿಡುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್ ಫ್ಲೋಟ್ ಸಂಖ್ಯೆಗಳ ಮೇಲೆ % ಹಾಕುವುದನ್ನೇ ಒಪ್ಪುವುದಿಲ್ಲ. ಅದು ಒಳ್ಳೆಯ ನಿರಾಕರಣೆಯೆಂದೇ ನಾನು ಭಾವಿಸುತ್ತೇನೆ. ನಿಮಗೆ ನನ್ನ ಸಲಹೆ: ತೂಕವನ್ನು ಗ್ರಾಂಗಳಲ್ಲಿ ಪೂರ್ಣಾಂಕವಾಗಿ ಇಡಿ. 1234500ನ್ನು 50000ದಿಂದ ಭಾಗಿಸಿದರೆ 24 ಚೀಲ, ಶೇಷ 34500 ಗ್ರಾಂ. ಯಾವ ಡೇಟಾಬೇಸಿಗೆ ಹೋದರೂ ಈ ಉತ್ತರ ಬದಲಾಗದು.

ಪ್ರಶ್ನೆ: ಕಲಬುರಗಿಯಿಂದ. ಲೆಕ್ಕಪರಿಶೋಧನೆಗಾಗಿ ಪ್ರತಿ ಹತ್ತನೆಯ ಖಾತೆಯನ್ನು ಆರಿಸಬೇಕು. ಖಾತೆಸಂಖ್ಯೆ % 10 = 0 ಎಂಬ ಷರತ್ತು ಸಾಕೇ?

ಉತ್ತರ: ಖಾತೆಸಂಖ್ಯೆಗಳು ನಡುವೆ ಒಂದೂ ಬಿಡದಂತೆ ಸಾಲಾಗಿದ್ದರೆ ಮಾತ್ರ ಸಾಕು, ಮತ್ತು ನಿಜವಾದ ಟೇಬಲ್ಲುಗಳಲ್ಲಿ ಅವು ಹಾಗೆ ಇರುವುದಿಲ್ಲ. ಅಳಿಸಿದ ಖಾತೆಗಳ ಸಂಖ್ಯೆ ಮತ್ತೆ ಬರುವುದಿಲ್ಲ. ಅರ್ಧಕ್ಕೆ ರದ್ದಾದ ನಮೂದುಗಳೂ ತಮಗೆ ದೊರೆತ ಸಂಖ್ಯೆಯನ್ನು ನುಂಗಿಯೇ ಹೋಗುತ್ತವೆ. ಹಾಗಾಗಿ ನಿಮಗೆ ಸಿಗುವುದು ಸೊನ್ನೆಯಿಂದ ಕೊನೆಗೊಳ್ಳುವ ಖಾತೆಗಳೇ ಹೊರತು ಪ್ರತಿ ಹತ್ತನೆಯ ಖಾತೆಯಲ್ಲ. ಇದಕ್ಕಿಂತ ಗಂಭೀರವಾದ ಮಾತು, ಸೊನ್ನೆಯಿಂದ ಕೊನೆಗೊಳ್ಳುವ ಖಾತೆಗಳನ್ನು ಮಾತ್ರ ನೋಡುತ್ತಾರೆ ಎಂಬುದು ಗೊತ್ತಾದ ಕಚೇರಿಯಲ್ಲಿ ಮಿಕ್ಕ ಒಂಬತ್ತು ಅಂಕೆಗಳ ಖಾತೆಗಳು ಪರಿಶೋಧನೆಯ ಕಣ್ಣಿಗೆ ಎಂದೂ ಬೀಳುವುದಿಲ್ಲ.

ಸಾಲುಗಳಿಗೆ ಕ್ವೆರಿಯಲ್ಲಿಯೇ ಹೊಸ ಕ್ರಮಾಂಕ ಕೊಟ್ಟು ಅದರ ಶೇಷವನ್ನು ನೋಡಬೇಕು. ಒಳಗಿನ ಕ್ವೆರಿಯಲ್ಲಿ ರೋ_ನಂಬರ್() ಓವರ್ (ಆರ್ಡರ್ ಬೈ ಖಾತೆಸಂಖ್ಯೆ) ಎಂಬುದಕ್ಕೆ ಕ್ರಮ ಎಂದು ಹೆಸರಿಟ್ಟು, ಹೊರಗಿನ ಕ್ವೆರಿಯಲ್ಲಿ ವ್ಹೇರ್ ಕ್ರಮ % 10 = 4 ಎಂದು ಬರೆಯಿರಿ. ರೋ_ನಂಬರನ್ನು ನೇರವಾಗಿ ವ್ಹೇರ್‌ನಲ್ಲಿ ಬರೆಯಲು ಬರುವುದಿಲ್ಲವಾದ್ದರಿಂದ ಒಳಗೊಂದು ಹೊರಗೊಂದು ಎಂಬ ಈ ಎರಡು ಪದರ ಅನಿವಾರ್ಯ. ಮೈಎಸ್‌ಕ್ಯುಎಲ್‌ನಲ್ಲಿ ಈ ಸೌಲಭ್ಯ ಬಂದದ್ದು 8.0ನೆಯ ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದಿದ್ದರೆ ಇದು ನಡೆಯದು. ಇಲ್ಲಿ 4 ಎಂದು ಬರೆದದ್ದು ಉದಾಹರಣೆಗೆ ಮಾತ್ರ. 0ರಿಂದ 9ರವರೆಗಿನ ಯಾವ ಶೇಷ ಎಂಬುದನ್ನು ಪ್ರತಿ ಪರಿಶೋಧನೆಗೂ ಮೊದಲು ಚೀಟಿ ಎತ್ತಿ ನಿರ್ಧರಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಗ್ರಾಹಕಸಂಖ್ಯೆ % 4ರ ಶೇಷಕ್ಕೆ ತಕ್ಕಂತೆ ಸಾಲುಗಳನ್ನು ನಾಲ್ಕು ಸರ್ವರ್‌ಗಳಿಗೆ ಹಂಚಿದ್ದೇವೆ. ಈಗ ಐದನೆಯದನ್ನು ಸೇರಿಸಬೇಕಾಗಿದೆ. ಜೊತೆಗೆ, ಶೇಷದ ಷರತ್ತಿರುವ ಕ್ವೆರಿಗಳು ಇಂಡೆಕ್ಸ್ ಇದ್ದರೂ ನಿಧಾನವಾಗಿವೆ. ಏನು ಮಾಡಬಹುದು?

ಉತ್ತರ: ನಿಧಾನದ ಕಾರಣವನ್ನು ಮೊದಲು ಹೇಳುತ್ತೇನೆ. ಇಂಡೆಕ್ಸ್ ಗ್ರಾಹಕಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಿರುತ್ತದೆ. ಒಂದೇ ಶೇಷ ಕೊಡುವ ಸಂಖ್ಯೆಗಳು ಆ ಕ್ರಮದಲ್ಲಿ ಅಕ್ಕಪಕ್ಕ ಇರುವುದಿಲ್ಲ, ಉದ್ದಕ್ಕೂ ಚೆದುರಿರುತ್ತವೆ. ಆದ್ದರಿಂದ ಡೇಟಾಬೇಸ್ ಎಲ್ಲ ಸಾಲುಗಳನ್ನೂ ಓದಿ ಒಂದೊಂದರ ಶೇಷ ತೆಗೆದು ನೋಡುತ್ತದೆ. ಪೋಸ್ಟ್‌ಗ್ರೆಸ್, ಒರಾಕಲ್ ಮತ್ತು 8.0.13ರಿಂದೀಚಿನ ಮೈಎಸ್‌ಕ್ಯುಎಲ್‌ಗಳಲ್ಲಿ ಶೇಷದ ಸೂತ್ರದ ಮೇಲೆಯೇ ಇಂಡೆಕ್ಸ್ ಕಟ್ಟಬಹುದು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಲೆಕ್ಕ ಹಾಕಿದ ಕಾಲಂ ಒಂದನ್ನು ಮಾಡಿ ಅದರ ಮೇಲೆ ಕಟ್ಟಬೇಕು. ಆದರೆ 4ರ ಶೇಷವೆಂದರೆ ಕಾಲು ಭಾಗ ಟೇಬಲ್. ಅಷ್ಟು ಸಾಲುಗಳು ಬೇಕಾದಾಗ ಇಂಡೆಕ್ಸನ್ನು ಹಿಡಿದು ಅತ್ತಿಂದಿತ್ತ ಅಲೆಯುವುದಕ್ಕಿಂತ ಪೂರ್ತಿ ಓದುವುದೇ ಅಗ್ಗವೆಂದು ಡೇಟಾಬೇಸ್ ತೀರ್ಮಾನಿಸಬಹುದು, ಮತ್ತು ಆ ತೀರ್ಮಾನ ಬಹುತೇಕ ಸರಿಯಾಗಿಯೇ ಇರುತ್ತದೆ. ಭಾಜಕ 1000ದಂಥ ದೊಡ್ಡ ಸಂಖ್ಯೆಯಾಗಿದ್ದಾಗ ಈ ಇಂಡೆಕ್ಸಿನಿಂದ ನಿಜವಾದ ಪ್ರಯೋಜನವಿದೆ.

ಐದನೆಯ ಸರ್ವರ್ ವಿಷಯದಲ್ಲಿ, ಅವಸರ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. 4ರ ಶೇಷ ಮತ್ತು 5ರ ಶೇಷ ಎರಡೂ ಒಂದೇ ಆಗಿರುವ ಗ್ರಾಹಕರು ಮಾತ್ರ ಇದ್ದಲ್ಲೇ ಉಳಿಯುತ್ತಾರೆ. 0ರಿಂದ 19ರವರೆಗೆ ಬರೆದು ನೋಡಿ: 0, 1, 2, 3 ಈ ನಾಲ್ಕಕ್ಕೆ ಎರಡೂ ಶೇಷಗಳು ಒಂದೇ; 4ಕ್ಕೆ ಬರುವಾಗಲೇ ಒಂದು 0, ಇನ್ನೊಂದು 4. ಆಮೇಲೆ 19ರವರೆಗೆ ಎಲ್ಲೂ ಕೂಡುವುದಿಲ್ಲ, 20ರಿಂದ ಅದೇ ಮಾದರಿ ಮತ್ತೆ ಸುತ್ತುತ್ತದೆ. ಇಪ್ಪತ್ತರಲ್ಲಿ ನಾಲ್ಕು ಉಳಿದು ಹದಿನಾರು ಜಾಗ ಬದಲಿಸುತ್ತವೆ, ಅಂದರೆ ಶೇಕಡಾ 80ರಷ್ಟು ಗ್ರಾಹಕರ ದತ್ತಾಂಶವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ಒಂದು ಸರ್ವರ್ ಸೇರಿಸಿದ್ದಕ್ಕೆ ಐದನೆಯ ಒಂದು ಭಾಗ ಸರಿದರೆ ಸಾಕಾಗಿತ್ತು.

ನಾಲ್ಕರಿಂದ ಎಂಟಕ್ಕೆ ಹೋದರೆ ಚಿತ್ರವೇ ಬೇರೆ. 4ರ ಶೇಷ 1 ಇದ್ದವರ 8ರ ಶೇಷ 1 ಅಥವಾ 5 ಮಾತ್ರ ಆಗಬಲ್ಲದು. ಪ್ರತಿ ಸರ್ವರಿನ ಅರ್ಧ ಭಾಗ ಇದ್ದಲ್ಲೇ ಇರುತ್ತದೆ, ಇನ್ನರ್ಧ ಒಂದೇ ಒಂದು ಹೊಸ ಸರ್ವರಿಗೆ ಹೋಗುತ್ತದೆ, ಹಳೆಯ ಸರ್ವರ್‌ಗಳ ನಡುವೆ ಓಡಾಟವೇ ಇಲ್ಲ. ಪೋಸ್ಟ್‌ಗ್ರೆಸ್ 11ನೆಯ ಆವೃತ್ತಿಯಿಂದ ಒಂದೇ ಡೇಟಾಬೇಸಿನೊಳಗೆ ಟೇಬಲನ್ನು ಹ್ಯಾಷ್ ಮೂಲಕ (ಬೆಲೆಯನ್ನು ಮೊದಲು ಒಂದು ಸಂಖ್ಯೆಯಾಗಿ ಮಾರ್ಪಡಿಸಿ, ಅದರ ಶೇಷ ನೋಡಿ) ಭಾಗ ಮಾಡುವ ಸೌಲಭ್ಯ ಇದೆ, ಅಲ್ಲಿ ಪ್ರತಿ ಭಾಗಕ್ಕೂ ಭಾಜಕ ಮತ್ತು ಶೇಷವನ್ನು ನಾವೇ ಹೇಳಬೇಕು. ಎಲ್ಲ ಭಾಗಗಳ ಭಾಜಕವೂ ಒಂದೇ ಆಗಿರಬೇಕೆಂದು ಅದು ಕೇಳುವುದಿಲ್ಲ. ಚಿಕ್ಕ ಭಾಜಕವು ತನ್ನ ಮುಂದಿನ ದೊಡ್ಡ ಭಾಜಕವನ್ನು ನಿಶ್ಶೇಷವಾಗಿ ಭಾಗಿಸಬೇಕೆಂದಷ್ಟೇ ಕೇಳುತ್ತದೆ. ಆದ್ದರಿಂದ ಅತಿಯಾಗಿ ತುಂಬಿದ ಒಂದು ಭಾಗವನ್ನು ಮಾತ್ರ ಬೇರ್ಪಡಿಸಿ, 4ರ ಶೇಷ 1 ಎಂದಿದ್ದ ಅದನ್ನು 8ರ ಶೇಷ 1 ಮತ್ತು 8ರ ಶೇಷ 5 ಎಂಬ ಎರಡು ಭಾಗಗಳಾಗಿ ಒಡೆದು, ಉಳಿದ ಮೂರನ್ನು ಮುಟ್ಟದೆ ಬಿಡಬಹುದು. ನಿಮ್ಮ ಸರ್ವರ್‌ಗಳ ಹಂಚಿಕೆಗೂ ಇದೇ ಕ್ರಮವನ್ನು ಅನುಸರಿಸಿ: ಯಾವುದು ಹೆಚ್ಚು ತುಂಬಿದೆಯೋ ಆ ಒಂದನ್ನು 8ರ ಶೇಷದ ಮೇಲೆ ಎರಡು ಮಾಡಿ. ಸರ್ವರ್‌ಗಳು ಐದೇ ಆಗುತ್ತವೆ, ಸಾಗಬೇಕಾದದ್ದು ಆ ಒಂದರ ಅರ್ಧ ಭಾಗ ಮಾತ್ರ.